ಒಡೆಯದ ಕಾಯಿ

ಸೋಮವಾರ, 13 ಅಕ್ಟೋಬರ್ 2025. ಕೆರಗೋಡು.

ಮನೆದೇವರಿಗೆ ಹೋಗಿಬರುತ್ತೇವೆಂದು ಮಗ ಯತೀಶ ನಾಲ್ಕು ತಿಂಗಳ ಬಸುರಿ ಸೊಸೆಯನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿದ್ದ. ಸಂಜೆ ಪ್ರಸಾದ ಹುಡುಕಲು ಚೀಲ ತೆಗೆದರೆ, ನನ್ನ ಹೆಂಡತಿ ಯಶೋದ ಇಟ್ಟುಕೊಟ್ಟಿದ್ದ ತೆಂಗಿನಕಾಯಿ ಜುಟ್ಟೂ ಕೀಳದೆ ಹಾಗೇ ಇದೆ. ಕಾಯಿ ಒಡೆಸದೆ ಯಾವ ದೇವರನ್ನು ನೋಡಿ ಬಂದರು? ಸೊಸೆ ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಮೊದಲನೆಯದು ಹೆಣ್ಣು. ಎಲ್ಲೋ ಕದ್ದು ಸ್ಕ್ಯಾನಿಂಗ್ ಮಾಡಿಸಿದ್ದಾರೆ; ಇದೂ ಹೆಣ್ಣೇ ಎಂದಿರಬೇಕು.

ಗರ್ಭ ತೆಗೆಸುವುದು ಕೊಲೆ, ಅದನ್ನು ನಿಲ್ಲಿಸುವವರಿಗೇ ನನ್ನ ಓಟು ಎಂದು ಹಾಲಿನ ಡೇರಿ ಮುಂದೆ ಎಷ್ಟು ಸಲ ವಾದ ಮಾಡಿದ್ದೇನೆ! ತಪ್ಪು ಮಾಡಿದವರೇ ಹೊಣೆ ಹೊರಬೇಕು ಎಂದೂ ಹೇಳಿದ್ದೇನೆ.

ಇದು ಯಾರ ಬುದ್ಧಿ ಎಂದು ಯಶೋದಳನ್ನು ಗದರಿಸಿ ಕೇಳಿದೆ.

“ನನ್ನೇನ್ ಕೇಳ್ತೀರಿ? ಈ ಸಲ ಮೊಮ್ಮಗನೇ ಅಂತ ಅದೇ ಡೇರಿ ಮುಂದೆ ಸಾರ್ಕಂಡ್ ಬಂದೋರ್ ಯಾರು?”

ಹೌದು, ಹೆಸರನ್ನೂ ಹೇಳಿಬಿಟ್ಟಿದ್ದೆ. ನಮ್ಮಪ್ಪನ ಹೆಸರು.

ನಾಳೆ ಇಬ್ಬರೂ ಮಂಡ್ಯಕ್ಕೆ ಹೋಗುತ್ತಾರಂತೆ. ಯಾಕೆ ಎಂದು ಕೇಳಿದರೆ ಯತೀಶ ಮುಖ ನೋಡುವುದಿಲ್ಲ. “ಹೆಣ್ಣಾದ್ರೂ ಇರ್ಲಿ ಬುಡಪ್ಪ” ಅನ್ನಬೇಕು, ಅಷ್ಟೇ ಮಾತು. ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ, ತಟ್ಟದೆ ಬಂದು ಇಲ್ಲಿ ಬರೆಯುತ್ತಾ ಕೂತಿದ್ದೇನೆ.