ಕಳೆದುಹೋಯಿತು ಎಂಬುದಕ್ಕೆ ಒಂದು ಉದಾಹರಣೆ

ನಿಘಂಟು ಕಚೇರಿ, ಮೂರನೇ ಮಹಡಿ
ಮಂಗಳವಾರ, ಹನ್ನೊಂದನೇ ತಾರೀಕು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯ್ತಾ? ಮಾತ್ರೆ ತಪ್ಪಿಸಬೇಡ, ಹೆಡ್‌ಮಾಸ್ತರು ಕುಂಟಿದರೆ ಮಕ್ಕಳು ಬೆನ್ನ ಹಿಂದೆಯೇ ಅಣಕಿಸ್ತಾರೆ. ನಾನು ಚೆನ್ನಾಗಿದ್ದೀನಿ. ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ.

ಇದರ ಜೊತೆ ನಮ್ಮ ನಿಘಂಟಿನ ಕರಡು ಹಾಳೆಗಳಿವೆ. ಉದಾಹರಣೆ ವಾಕ್ಯಗಳನ್ನು ಒಬ್ಬ ಮೇಷ್ಟ್ರು ಓದಿ ಒಪ್ಪಬೇಕು ಅನ್ನೋದು ನಮ್ಮಲ್ಲಿಯ ಪದ್ಧತಿ. ನಿನ್ನ ಹೆಸರು ಸೂಚಿಸಿದ್ದು ನಾನೇ. ಎಷ್ಟಾದರೂ ಒಡಹುಟ್ಟಿದವನಲ್ಲವಾ. 'ಕಳೆದುಹೋಗು' ಅನ್ನೋ ಪದ ನನ್ನ ಪಾಲಿಗೆ ಬಂದಿತ್ತು. ಅರ್ಥ ಬರೆಯೋದು ಸುಲಭ: ಯಾರ ಕೈವಾಡವೂ ಇಲ್ಲದೆ ಕಾಣದಾಗು. ಉದಾಹರಣೆಗೆ ಮಾತ್ರ ನಾಲ್ಕು ದಿನ ಕೂತೆ. ಕೊಡೆ ಕಳೆದುಹೋಯಿತು, ಬೀಗದಕೈ ಕಳೆದುಹೋಯಿತು ಅಂತ ಬರೆದೂ ಬರೆದೂ ಹೊಡೆದುಹಾಕಿದೆ. ಆ ಪದವನ್ನ ನಿನ್ನಷ್ಟು ಸಲೀಸಾಗಿ ಬಳಸಿದವರನ್ನ ನಾನು ಕಂಡಿಲ್ಲ ಕಣೋ.

ಮೇಷ್ಟ್ರ ತರಬೇತಿಗೆ ಇಬ್ಬರೂ ಪರೀಕ್ಷೆ ಬರೆದಿದ್ವಿ, ನೆನಪಿದೆಯಾ? ಮೊದಲ ಸುತ್ತಿನಲ್ಲಿ ನೀನು ಆಯ್ಕೆಯಾಗಿರಲಿಲ್ಲ. ತರಬೇತಿಗೆ ಸೇರಿಕೋ ಅಂತ ನನಗೆ ಬಂದ ಪತ್ರವನ್ನ ಅಂಚೆಯವನಿಂದ ಇಸ್ಕೊಂಡವನು ನೀನು. ತಿಂಗಳಾದ ಮೇಲೆ ಆ ಅಂಚೆಯವನೇ ಬಾಯಿಬಿಟ್ಟಾಗ, "ಸೈಕಲ್ಲಿಂದ ಎಲ್ಲೋ ಬಿದ್ದಿರಬೇಕು, ಕಳೆದುಹೋಯ್ತು ಕಣೇ, ಏನ್ಮಾಡ್ಲಿ" ಅಂದೆ ನೀನು. ಅಷ್ಟೊತ್ತಿಗೆ ಸೇರುವ ದಿನ ದಾಟಿತ್ತು. ನಾನು ಹೋಗದೆ ಖಾಲಿಯಾದ ಜಾಗಕ್ಕೆ ನಿನ್ನನ್ನ ಕರೆದರು. ನಾನು ಹದಿನೆಂಟು ವರ್ಷ ರಟ್ಟಿನ ಡಬ್ಬಿಗೆ ಅಂಟು ಹಚ್ಚಿದೆ, ಆಮೇಲಷ್ಟೇ ಈ ಕಚೇರಿ ಸೇರಿದ್ದು.

ನಲವತ್ತೊಂದನೇ ಪುಟ ನೋಡು: "ತಂಗಿಗೆ ಬಂದ ಪತ್ರವನ್ನು ಬಚ್ಚಿಟ್ಟ ಅಣ್ಣ, ಅದು ಕಳೆದುಹೋಯಿತು ಎಂದ, ಅವಳ ಜಾಗದಲ್ಲಿ ತಾನು ಮೇಷ್ಟ್ರಾದ." ಸರಿಯಿದ್ದರೆ ಪಕ್ಕದಲ್ಲಿ ಸಹಿ ಹಾಕು, ಹಾಗೇ ಅಚ್ಚಾಗುತ್ತೆ. ಬೇಡವಾದರೆ ಹೊಡೆದುಹಾಕಿ ಕಾರಣ ಬರೆಯಬೇಕು. ಅದನ್ನ ಸಂಪಾದಕರು ಎಲ್ಲರೆದುರು ಗಟ್ಟಿಯಾಗಿ ಓದ್ತಾರೆ. ಯಾವುದು ಮಾಡಿದರೂ ನನಗೆ ಸಂತೋಷವೇ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗೆ ಏನು ಹೇಳಬೇಕೋ ಮೇಲೇ ಹೇಳಿದ್ದೀನಿ.

ನಿನ್ನ ಒಬ್ಬಳೇ ತಂಗಿ

ತಾ. ಕ.: ಅವಸರದಲ್ಲಿ ಬಿಟ್ಟುಹೋಯ್ತು. ಕಾರಣ ಬರೆಯೋದಾದರೆ, 'ಇದು ಸುಳ್ಳು' ಅಂತ ಮಾತ್ರ ಬರೆಯಬೇಡ. ಹೋದ ಭಾನುವಾರ ಅತ್ತಿಗೆ ಬಂದಿದ್ದರು. ನಿನ್ನ ಹಳೇ ಪೆಟ್ಟಿಗೆಯ ತಳದಲ್ಲಿ ಸಿಕ್ಕ, ನನಗೆ ಬಂದಿದ್ದ ಆ ಪತ್ರವನ್ನ ಕೈಗಿಟ್ಟು, ಕಾಫಿನೂ ಕುಡಿಯದೆ ಎದ್ದುಹೋದರು. ಅದೀಗ ಸಂಪಾದಕರ ಮೇಜಿನ ಮೇಲಿದೆ.