ಕರಡಿ ಹೆಸರಿನ ಬಿರುಗಾಳಿ

ಮಾಜಿ ಪತಿರಾಯರಾದ ಶ್ರೀಮಾನ್ ಬೆರ್ನ್‌ಹಾರ್ಟ್ ಅವರಿಗೆ,

ಬೆರ್ನ್ ಎಂದರೆ ಕರಡಿ, ಹಾರ್ಟ್ ಎಂದರೆ ಗಟ್ಟಿಗ. ಹಳೆಯ ಜರ್ಮನ್ನರು ಗಂಡುಮಗುವಿಗೆ ಮೃಗದ ಬಲ ಬರಲೆಂದು ಇಡುತ್ತಿದ್ದ ಹೆಸರಿದು ಎಂದು ನೀವು ನಮ್ಮ ಮದುವೆಯೂಟದಲ್ಲೇ ಭಾಷಣ ಬಿಗಿದಿರಿ. ಪೆಟ್ಟಿಗೆ ಹಿಡಿದು ಹೊರಟ ದಿನವೂ "ಕರಡೀನ ಕಟ್ಟಿಹಾಕೋಕಾಗಲ್ಲ ಕಣೇ" ಎಂದಿರಿ.

ದುಡ್ಡು ಕಟ್ಟಿದವರು ಸೂಚಿಸಿದ ಹೆಸರನ್ನು ನಮ್ಮ ಹವಾಮಾನದವರು ಬಿರುಗಾಳಿಗೆ ಇಡುತ್ತಾರಲ್ಲ, ಈ ಸಲದ್ದಕ್ಕೆ ನಾನೇ ದುಡ್ಡು ಕಟ್ಟಿ ನಿಮ್ಮ ಹೆಸರಿಡಿಸಿದೆ. ಹೆಂಚು ಹಾರಿದವರೆಲ್ಲ ನಿಮ್ಮ ಹೆಸರು ಹಿಡಿದು ಶಪಿಸಲಿ ಎಂಬ ಸದಾಶಯ, ಅಷ್ಟೆ.

ಇಂದು ಸಂಜೆ ಎಮ್ಡನ್ ಬಂದರಿನ ಚಹಾದಂಗಡಿಯಲ್ಲಿ ಎಲ್ಲರೂ ಟೀವಿಯೆದುರು ಕಾದು ಕೂತಿದ್ದೆವು. "ಬೆರ್ನ್‌ಹಾರ್ಟ್ ಸಮುದ್ರದಲ್ಲೇ ಬಲ ಕಳೆದುಕೊಂಡಿದೆ. ಇತ್ತ ಬರುವುದಿಲ್ಲ" ಎಂದಳು ವಾರ್ತೆಯವಳು.

ಅಂಗಡಿಯೊಡತಿ ವೀಬ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಸ್ವಾಂತ್ಯೆ, ನಿನ್ನ ಕರಡಿ ದಡ ಮುಟ್ಟೋದ್ರೊಳಗೆ ಬೆಕ್ಕಾಯ್ತಲ್ಲೇ!"

"ಮನೇಲೂ ಹಂಗೇ ಇತ್ತು ಕಣೆ. ಗುರುಗುಟ್ಟೋದೊಂದೇ ಬಂಡವಾಳ!" ಎಂದೆ.

ಇಡೀ ಅಂಗಡಿ ನಕ್ಕಿತು. ನಾನಂತೂ ಎಲ್ಲರಿಗಿಂತ ಜೋರಾಗಿ ನಕ್ಕೆ. ಇನ್ನು ನೀವು ಈ ಬಂದರಿನಲ್ಲಿ ತಲೆಯೆತ್ತಿ ನಡೆದ ಹಾಗೆಯೇ.

ಮನೆಗೆ ಬಂದು, ಬಿರುಗಾಳಿಗೆಂದು ಭದ್ರಪಡಿಸಿದ್ದ ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಒಂದು ಪರದೆಯೂ ಅಲುಗಲಿಲ್ಲ. ಹೆಂಚು ಹಾರಿಸುವಷ್ಟಲ್ಲದಿದ್ದರೂ, ಸ್ವಲ್ಪವಾದರೂ ಬರಬಹುದಿತ್ತು.

ಸ್ವಾಂತ್ಯೆ