ಬಂದವಳೇ ಗೀಸರ್ ಹಾಕಬೇಡ

ನಿಖಿತಾ,

ಗ್ಯಾಸ್ ಗೀಸರ್ ಮುಟ್ಟಲೇಬೇಡ. ಅದರ ಸಿಲಿಂಡರ್ ಬಂದ್ ಮಾಡಿದ್ದೇನೆ. ನಿನ್ನ ಫೋನ್ ಆಫ್ ಇದೆ, ಅದಕ್ಕೇ ಈ ಚೀಟಿ.

ಬೆಳಿಗ್ಗೆ ಆರಕ್ಕೆ ಸ್ನಾನ ಮಾಡುತ್ತಿದ್ದಾಗ ತಲೆ ಸುತ್ತಿ ಬಿದ್ದೆ. ವಾಸನೆ ಏನೂ ಇರಲಿಲ್ಲ. ಹೇಗೋ ತೆವಳಿ ಚಿಲಕ ತೆಗೆದೆ. ಬಕೆಟ್ ಉರುಳಿದ ಸದ್ದು ಕೇಳಿ ಪಕ್ಕದ ಮನೆಯ ಭೋಜರಾಜಣ್ಣನ ಹೆಂಡತಿ ಹಿತ್ತಿಲ ಬಾಗಿಲಿನಿಂದ ಓಡಿ ಬಂದು, "ಎಂತಾಯ್ತ್ ಸರಸಕ್ಕ?" ಎನ್ನುತ್ತ ನನ್ನನ್ನು ಅಂಗಳಕ್ಕೆ ಎಳೆದು ತಂದಳು.

ಎರಡು ಮನೆಗಳ ನಡುವೆ ಇರುವುದೇ ಎರಡಡಿ ಜಾಗ. ಮಳೆ ಬೀಳದಿರಲೆಂದು ಅವರು ಅದರ ಮೇಲೆ ಶೀಟು ಹೊದಿಸಿದ್ದರಲ್ಲ, ನಮ್ಮ ಗೀಸರಿನ ಪೈಪಿನಿಂದ ಹೋಗುವ ವಿಷಗಾಳಿ ಅಲ್ಲೇ ನಿಂತು ಕಿಟಕಿಯಿಂದ ವಾಪಸು ಒಳಗೆ ಬಂದಿದೆ. ಭೋಜರಾಜಣ್ಣ ಅಳುವ ಹಾಗಾಗಿದ್ದರು. "ಹೀಂಗ್ ಆತ್ತ್ ಅಂದೇಳಿ ಗೊತ್ತಿರ್ಲಿಲ್ಲ ಅಕ್ಕ, ಇವತ್ತೇ ತೆಗಿತೆ" ಎಂದರು. ನೀನು ಜಗಳಕ್ಕೆ ಹೋಗಬೇಡ. ಪೈಪನ್ನು ಮನೆಯ ಮಾಡಿನ ಮೇಲಕ್ಕೆ ಏರಿಸುವವರೆಗೆ ಒಲೆಯ ಮೇಲೆ ನೀರು ಕಾಯಿಸು.

ಅವರ ರಿಕ್ಷಾದಲ್ಲೇ ಕುಂದಾಪುರದ ಆಸ್ಪತ್ರೆಗೆ ಹೊರಟಿದ್ದೇನೆ. ತಲೆನೋವು ಬಿಟ್ಟಿಲ್ಲ.

ನೀನು ಟೋಲ್‌ಗೇಟಿನ ರಾತ್ರಿ ಪಾಳಿ ಮುಗಿಸಿ ಬರುವಾಗ ನಾನು ವಸತಿ ಶಾಲೆಯ ಅಡುಗೆಗೆ ಹೋಗಿರುತ್ತೇನೆ. ರಾತ್ರಿ ಊಟ ಬಡಿಸಿ ನಾನು ಬರುವಷ್ಟರಲ್ಲಿ ನೀನು ಹೊರಟಿರುತ್ತೀ. ನಿನ್ನ ಮುಖ ನೋಡಿ ಹತ್ತು ದಿನವಾಯಿತು. ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ, ಬಿದ್ದಲ್ಲಿಂದ ನಿನ್ನನ್ನೇ ಕೂಗಿದೆ.

ಗಂಜಿ ಇದೆ. ಉಂಡು ಮಲಗು ಎಂದು ಬರೆಯಬೇಕೆಂದಿದ್ದೆ. ಮಲಗಬೇಡ, ಉಂಡು ಬಸ್ಸು ಹತ್ತಿ ನನ್ನ ಹತ್ತಿರ ಬಾ.

ಅಕ್ಕ